ಸೋಮವಾರ ಕದ್ದ ಎಟಿಎಂ

ಪಾಸೊ ಉರುತಾವ್ ಊರಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರಾದರೂ ಬೀದಿಯಲ್ಲಿ ಓಡಾಡುತ್ತಿದ್ದರೆ ಒಂದೋ ಅವನಿಗೆ ಹುಚ್ಚು, ಇಲ್ಲವೇ ಅವನು ರಾಜಧಾನಿ ಬ್ಯೂನಸ್ ಐರಿಸ್ಸಿನಿಂದ ಬಂದವನು. ಕೊರಿಯೆಂತೆಸ್ ಸೀಮೆಯಲ್ಲಿ ಡಿಸೆಂಬರ್ ಅಂದರೆ ನಡುಬೇಸಿಗೆ, ಬಿಸಿಲು ಅಂಥದ್ದು. ಕಿಟಕಿ ಬಾಗಿಲು ಜಡಿದು ಊರಿಗೆ ಊರೇ ಮಲಗುತ್ತದೆ. ನಾಯಿಗಳೂ ಮಲಗುತ್ತವೆ, ಪೊಲೀಸು ಠಾಣೆಯೂ ಮಲಗುತ್ತದೆ. ಆದ್ದರಿಂದ ಉಬಾಲ್ದೊ, "ಕದಿಯೋದಾದ್ರೆ ಹಾಡಹಗಲೇ ಕದಿಯೋಣ ಭಾವ" ಅಂದಾಗ ಎವಾರಿಸ್ತೊ ಸೊತೆಲೊಗೆ ಅದು ತಲೆಕೆಟ್ಟವನ ಮಾತು ಅನ್ನಿಸಲೇ ಇಲ್ಲ. ಅನ್ನಿಸಬೇಕಿತ್ತು. ಹೆಂಡತಿಯ ಈ ತಮ್ಮನ ಮಾತು ಕೇಳಿಯೇ ಅವನು ಹಿಂದೆ ಆಸ್ಟ್ರಿಚ್ ಸಾಕಿದ್ದ, ಅದು ಅವನನ್ನೇ ಒದ್ದು ಬ್ರೆಜಿಲ್ ಕಡೆ ಓಡಿಹೋಗಿತ್ತು.

ಎವಾರಿಸ್ತೊ ಕಳ್ಳನಲ್ಲ. ಅವನದೊಂದು ಹಳೇ ಲಾರಿ, ಅದರ ಬೆನ್ನಿಗೊಂದು ಪುಟ್ಟ ಕ್ರೇನು. ತೋಟಗಳಿಂದ, ಚಹಾದಂತೆ ಕುಡಿಯುವ ಮಾಟೆ ಸೊಪ್ಪಿನ ಮೂಟೆಗಳನ್ನು ಎತ್ತಿ ಕಾರ್ಖಾನೆಗೆ ಹಾಕಿ ಬರುವುದು ಅವನ ಕಸುಬು. ಕಷ್ಟ ಶುರುವಾದದ್ದು ಮಗಳು ಯಾನಿನಾಗೆ ಬರುವ ಶನಿವಾರ ಹದಿನೈದು ತುಂಬುತ್ತಿದ್ದುದರಿಂದ. ಹದಿನೈದರ ಹಬ್ಬ ಅಂದರೆ ಇಲ್ಲಿ ಮದುವೆಗಿಂತ ಒಂದು ಕೈ ಮೇಲೆ. ಮದುವೆಯಾದರೂ ಎರಡು ಸಲ ಆಗಬಹುದು, ಹದಿನೈದು ಒಂದೇ ಸಲ. ಅಷ್ಟು ಖರ್ಚನ್ನು ಯಾವ ಅಪ್ಪನೂ ಒಬ್ಬನೇ ಹೊರುವುದಿಲ್ಲ, ಊರವರು ಒಬ್ಬೊಬ್ಬರು ಒಂದೊಂದು ಹೊತ್ತುಕೊಳ್ಳುತ್ತಾರೆ. ಕೇಕಿಗೊಬ್ಬಳು ಧರ್ಮತಾಯಿ, ಉಡುಪಿಗೊಬ್ಬಳು, ವಾದ್ಯದವರಿಗೊಬ್ಬ ಧರ್ಮತಂದೆ, ಬೂಟಿಗೆ ಒಬ್ಬ, ಬಲೂನಿಗೆ ಇನ್ನೊಬ್ಬ. ಹಬ್ಬದ ದಿನ ಯಾರು ಏನು ಕೊಟ್ಟರು ಎಂಬ ಪಟ್ಟಿಯನ್ನು ಮೈಕಿನಲ್ಲಿ ಓದುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ.

"ಮಾಂಸ ನಂದು. ಅದಕ್ಕೆ ಯಾರೂ ಕೈ ಹಾಕಬೇಡಿ" ಎಂದು ಎವಾರಿಸ್ತೊ ಆರು ತಿಂಗಳ ಹಿಂದೆಯೇ ಎದೆ ತಟ್ಟಿ ಹೇಳಿಬಿಟ್ಟಿದ್ದ. ಒಂದಿಡೀ ಕಡಸನ್ನು ಕೆಂಡದ ಮೇಲೆ ಸುಡಿಸುವುದು ಅವನ ಲೆಕ್ಕ. ಆದರೆ ನವೆಂಬರಿನಲ್ಲಿ ಲಾರಿಯ ಗೇರ್‌ಬಾಕ್ಸ್ ಕೈಕೊಟ್ಟಿತು, ಕಡಸಿನ ಹಣವೆಲ್ಲ ಗೇರ್‌ಬಾಕ್ಸಿನ ಹೊಟ್ಟೆ ಸೇರಿತು. ಈಗ ಪಟ್ಟಿಯಲ್ಲಿ ಬಲೂನು ಕೊಟ್ಟವನ ಹೆಸರೂ ಬರುತ್ತದೆ, ಹೆತ್ತ ಅಪ್ಪನ ಹೆಸರು ಮಾತ್ರ ಬರುವುದಿಲ್ಲ. ಇದನ್ನು ಹೆಂಡತಿಯ ಹತ್ತಿರ ಹೇಳಿಕೊಳ್ಳಲೂ ನಾಚಿಕೆ.

ಅದಕ್ಕೇ ಉಬಾಲ್ದೊ ಎಟಿಎಂ ಸುದ್ದಿ ತೆಗೆದಾಗ ಎದ್ದು ಹೋಗದೆ ಕೂತು ಕೇಳಿದ.

"ಚಿಲಿಯಲ್ಲಿ ದಿನಾ ಕದೀತಾರೆ ಭಾವ. ಸರಪಳಿ ಕಟ್ಟು, ಎಳಿ, ಹೊರಡು. ಅಷ್ಟೇ. ಫೋನಲ್ಲಿ ನೋಡಿದೀನಿ."

"ಕದ್ದೋರೆಲ್ಲ ಈಗ ಎಲ್ಲಿದಾರೆ?"

"ಸುಮಾರು ಜನ ಜೈಲಲ್ಲಿ."

"ಉಳಿದೋರು?"

"ಅವರ ವಿಡಿಯೋ ಇನ್ನೂ ಬಂದಿಲ್ಲ."

ಊರಿಗೆ ಇರುವುದು ಒಂದೇ ಎಟಿಎಂ, ಪುರಸಭೆಯ ಪಕ್ಕದ ಗಾಜಿನ ಗೂಡಿನಲ್ಲಿ. ಎರಡು ವರ್ಷದ ಹಿಂದೆ ಅದನ್ನು ಕೂರಿಸುವಾಗ ಗಾರೆ ಕೆಲಸಕ್ಕಿದ್ದವನು ಇದೇ ಉಬಾಲ್ದೊ. ನೆಲಕ್ಕೆ ಬಿಗಿಯಲು ನಾಲ್ಕು ಬೋಲ್ಟು ಕೊಟ್ಟಿದ್ದರು, ಇವನು ಎರಡು ಹಾಕಿ ಇನ್ನೆರಡನ್ನು ಮನೆಯ ಗೇಟಿಗೆ ಬಳಸಿಕೊಂಡಿದ್ದ. ಜೀವಮಾನದಲ್ಲಿ ತಾನು ಮುಂದಾಲೋಚನೆ ಮಾಡಿದ ಕೆಲಸ ಇದೊಂದೇ ಎಂದು ಈಗ ಹೆಮ್ಮೆಪಟ್ಟ.

ಸೋಮವಾರ ಮಧ್ಯಾಹ್ನ ಎರಡು ಗಂಟೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಎರಡು ಬೋಲ್ಟುಗಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಕ್ರೇನು ನರಳುತ್ತಾ ಯಂತ್ರವನ್ನು ಎತ್ತಿ ಲಾರಿಗೆ ಹಾಕಿತು, ಗೂಡಿನ ಗಾಜೊಂದು ಒಡೆದದ್ದು ಬಿಟ್ಟರೆ ಸದ್ದೇ ಆಗಲಿಲ್ಲ. ಎವಾರಿಸ್ತೊ ಮೈಯೆಲ್ಲ ಬೆವರಿ ತೊಪ್ಪೆಯಾಗಿದ್ದ. ಎಂಜಿನ್ ಸದ್ದು ಏರದಂತೆ ಮೊದಲನೇ ಗೇರಿನಲ್ಲೇ ಬೆಕ್ಕಿನ ಹೆಜ್ಜೆಯಲ್ಲಿ ಲಾರಿ ಓಡಿಸಿದ. ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ತಿರುವಿನಲ್ಲಿ ಕೆಂಪು ಬಾವುಟಗಳು ಕಂಡವು. ದಾರಿಹೋಕರನ್ನು ಕಾಯುವ ಸಂತ ಗೌಚಿತೊನ ಗುಡಿ.

ಉಬಾಲ್ದೊ ಟೋಪಿ ತೆಗೆದ. "ಹಾರ್ನ್ ಹೊಡಿ ಭಾವ."

"ಊರು ಮಲಗಿದೆ ಕಣೋ, ಬೋಳೀಮಗನೆ!"

"ಗೌಚಿತೊ ಮುಂದೆ ಹಾರ್ನ್ ಹೊಡೀದೆ ಹೋದೋನು ಯಾವನಾದ್ರೂ ಊರು ಮುಟ್ಟಿದಾನಾ? ಅಲ್ಸಿದೆಸ್ ಏನಾದ? ಟ್ರ್ಯಾಕ್ಟರ್ ಸಮೇತ ಹೊಳೆಗೆ ಬಿದ್ದ. ಅದೂ ಬತ್ತಿದ ಹೊಳೆಗೆ!"

ಎವಾರಿಸ್ತೊ ಹಲ್ಲು ಕಚ್ಚಿದ. ಬ್ಯಾಂಕಿನ ಯಂತ್ರ ಕದಿಯುವುದು ಬೇರೆ ಮಾತು, ಗೌಚಿತೊಗೆ ಮರ್ಯಾದೆ ಕೊಡದಿರುವುದು ಬೇರೆ ಮಾತು. ಗೌಚಿತೊ ಸ್ವತಃ ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚಿದವನು, ಇಂಥ ಹೊತ್ತಿನಲ್ಲಿ ಅವನ ಮುನಿಸನ್ನು ಕಟ್ಟಿಕೊಳ್ಳುವವರು ಯಾರು? ಕಣ್ಣು ಮುಚ್ಚಿ ಹಾರ್ನ್ ಒತ್ತಿದ. ಅವನ ಹಾರ್ನು ಬರೀ ಪೋಂ ಅನ್ನುವಂಥದ್ದಲ್ಲ. ಮೂರು ತುತ್ತೂರಿ ಜೋಡಿಸಿ ಈ ಸೀಮೆಯ ಚಮಾಮೆ ಕುಣಿತದ ಹಾಡಿನ ಒಂದು ಸಾಲು ಪೂರ್ತಿ ನುಡಿಯುವಂತೆ ಆಸೆಪಟ್ಟು ಮಾಡಿಸಿದ್ದು. ಸುತ್ತ ನಲವತ್ತು ಮೈಲಿಯಲ್ಲಿ ಅಂಥದ್ದು ಇನ್ನೊಂದಿಲ್ಲ. ಸಾಲು ಮುಗಿಯುವವರೆಗೆ ಅದನ್ನು ನಿಲ್ಲಿಸಲೂ ಬರುವುದಿಲ್ಲ.

ಯಾವ ಕಿಟಕಿಯೂ ತೆರೆಯಲಿಲ್ಲ. "ನೋಡ್ದ್ಯಾ? ಗೌಚಿತೊ ಕೈ ಬಿಡಲ್ಲ" ಎಂದ ಉಬಾಲ್ದೊ.

ಹಿತ್ತಲಿನ ಶೆಡ್ಡಿನಲ್ಲಿ ಯಂತ್ರವನ್ನು ಇಳಿಸಿಕೊಂಡು ಬಾಗಿಲು ಹಾಕಿ ಕೆಲಸ ಶುರುಮಾಡಿದರು. ಹಾರೆ ಹಾಕಿ ಮೀಟಿದರು, ಹಾರೆ ಬಾಗಿತು. ಕೊಡಲಿಯಲ್ಲಿ ಹೊಡೆದರು, ಕೊಡಲಿಯ ಕಾವು ಮುರಿಯಿತು. ಕ್ರೇನಿನಿಂದ ಎತ್ತಿ ಕೆಳಕ್ಕೆ ಬಿಟ್ಟರು. ನೆಲದಲ್ಲಿ ಹಂದಿ ಹೂಳುವಷ್ಟು ಗುಂಡಿ ಬಿತ್ತು, ಯಂತ್ರದ ಹಣೆ ಒಂದಿಷ್ಟು ತಗ್ಗಾಯಿತು. ಆಗ ಅದರ ಪರದೆ ಮಿಣುಕ್ಕೆಂದಿತು. ಒಳಗೆಲ್ಲೋ ಬ್ಯಾಟರಿ ಇತ್ತೆಂದು ಕಾಣುತ್ತದೆ. ಜೇನು ಸುರಿಯುವಂಥ ಹೆಣ್ಣು ದನಿಯೊಂದು ನುಡಿಯಿತು: "ಸ್ವಾಗತ. ತಮಗೆ ಏನು ಸಹಾಯ ಬೇಕು?"

ಉಬಾಲ್ದೊ ಶಿಲುಬೆಯ ಗುರುತು ಮಾಡಿಕೊಂಡ. ಹೆದರಿಕೆಗೆ ಇನ್ನೊಂದೇಟು ಹಾಕಿದ. "ಕ್ಷಮಿಸಿ, ತಮ್ಮ ವ್ಯವಹಾರ ರದ್ದಾಗಿದೆ" ಎಂದಳು ಆಕೆ, ಒಂದಿಷ್ಟೂ ಬೇಜಾರಿಲ್ಲದೆ.

ಅಷ್ಟರಲ್ಲಿ ಹೊರಗಿನಿಂದ ಹೆಂಡತಿ ಡೆಲ್ಫಿನಾಳ ದನಿ ಬಂತು. "ಎವಾರಿಸ್ತೊ! ಶೆಡ್ಡಲ್ಲಿ ಯಾವಳೋ ಅವಳು?"

"ಯಾರೂ ಇಲ್ಲ ಕಣೆ!"

"ಸ್ವಾಗತ" ಎಂದಿತು ಯಂತ್ರ. "ತಮಗೆ ಏನು ಸಹಾಯ ಬೇಕು?"

ಡೆಲ್ಫಿನಾ ಬಾಗಿಲನ್ನು ಒದ್ದೇ ತೆಗೆದಳು. ಕೈಯಲ್ಲಿ ಪೊರಕೆ, ಕಣ್ಣಲ್ಲಿ ಕೆಂಡ. ಒಳಗೆ ಗಂಡ, ತಮ್ಮ, ನಡುವೆ ಮಲಗಿದ್ದ ಎಟಿಎಂ. ಪೊರಕೆ ನಿಧಾನವಾಗಿ ಕೆಳಗಿಳಿಯಿತು. ಇದಕ್ಕಿಂತ ಇನ್ನೊಬ್ಬಳು ಹೆಂಗಸೇ ಇದ್ದಿದ್ದರೆ ಮೇಲಿತ್ತು ಎಂದು ಅವಳ ಮುಖ ಹೇಳುತ್ತಿತ್ತು.

"ಇವತ್ತು ಯಾವ ವಾರ?" ಕೊನೆಗೆ ಕೇಳಿದಳು.

"ಸೋಮವಾರ."

"ಇದಕ್ಕೆ ಹಣ ತುಂಬೋ ಗಾಡಿ ಯಾವತ್ತು ಬರುತ್ತೆ?"

ಎವಾರಿಸ್ತೊ ಹಣೆ ಚಚ್ಚಿಕೊಂಡ. ಶುಕ್ರವಾರ ಗಾಡಿ ಬರುತ್ತದೆ, ಶನಿವಾರ ಹೊತ್ತು ನೆತ್ತಿಗೇರುವುದರೊಳಗೆ ಪಿಂಚಣಿ ಮುದುಕರು ಅದನ್ನು ನೆಕ್ಕಿ ಖಾಲಿ ಮಾಡುತ್ತಾರೆ, ಮುಂದಿನ ಶುಕ್ರವಾರದವರೆಗೆ ಊರವರೆಲ್ಲ ಅದಕ್ಕೆ ಶಾಪ ಹಾಕುತ್ತಾರೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಅವನೂ ಶಾಪ ಹಾಕಿದವನೇ. ಆದರೆ ಹತ್ತು ದಿನದಿಂದ ಅವನ ತಲೆಯಲ್ಲಿ ಇದ್ದದ್ದು ಕಡಸು ಒಂದೇ. ಇನ್ನು ಉಬಾಲ್ದೊಗೆ ಬ್ಯಾಂಕಿನ ಕಾರ್ಡೇ ಇರಲಿಲ್ಲ. ಬಾವಿಯಲ್ಲಿ ನೀರಿದ್ದಂತೆ ಎಟಿಎಂನಲ್ಲಿ ಹಣ ಯಾವಾಗಲೂ ಇರುತ್ತದೆ ಎಂದೇ ಅವನು ನಂಬಿದ್ದ.

"ಖಾಲಿ ಡಬ್ಬ ಕದ್ದು ತಂದಿದೀರಲ್ಲೋ, ನಿಮ್ಮ ಮುಖಕ್ಕಿಷ್ಟು!" ಡೆಲ್ಫಿನಾ ಈಗ ಶುರುಮಾಡಿದಳು. "ಕದಿಯೋಕೂ ಬರಲ್ವಾ? ಅದರಲ್ಲಿ ಹಣ ಇದ್ದಿದ್ರೂ ಅದು ಯಾರದು? ಬೇಕರಿ ಎರ್ಮಿನಿಯಾದು, ಟೀಚರಮ್ಮಂದು, ನಮ್ಮಮ್ಮನ ಪಿಂಚಣಿ! ಏನು ಬಂದಿತ್ತು ನಿಂಗೆ?"

"ಪಟ್ಟೀಲಿ ನನ್ನ ಹೆಸರು ಬರಬೇಕಿತ್ತು ಡೆಲ್ಫಿ" ಎಂದ ಎವಾರಿಸ್ತೊ. "ಮಗಳ ಹಬ್ಬ. ಬಲೂನಿನೋನ ಹೆಸರು ಓದ್ತಾರೆ. ನಾನು ಬರೀ ಕೈ ಬೀಸ್ಕೊಂಡು ನಿಂತಿರಬೇಕಾ?"

ಡೆಲ್ಫಿನಾ ಬಾಗಿಲ ಕಡೆ ತಿರುಗಿದಳು. ಹೋಗುವಾಗ ತಮ್ಮನಿಗೆ ಮಾತ್ರ ಪೊರಕೆಯಲ್ಲಿ ಎರಡು ಬಿಟ್ಟಳು.

ತಕ್ಷಣ ತಿರುಗಿ ಇಡೋಣವೆಂದರೆ ದಫೇದಾರ್ ನಿಕಾಸಿಯೊ ಗಾಜಿನ ಗೂಡಿಗೆ ಹಗ್ಗ ಸುತ್ತಿ, ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ. ಎವಾರಿಸ್ತೊ ಯಂತ್ರಕ್ಕೆ ಟಾರ್ಪಾಲು ಹೊದಿಸಿ, ಮೇಲೆ ಎರಡು ಸೊಪ್ಪಿನ ಮೂಟೆ ಹಾಕಿ, ಏನೂ ಆಗಿಲ್ಲದವನಂತೆ ಮಾಟೆ ಹೀರುತ್ತಾ ಕೂತ. ಊರಲ್ಲಿ ಒಬ್ಬರಿಗೂ ಅನುಮಾನ ಬಂದಿಲ್ಲ ಎಂದು ಅವನಿಗೆ ಅವನೇ ಧೈರ್ಯ ಹೇಳಿಕೊಂಡ.

ಮಂಗಳವಾರ ಬೇಕರಿಯ ಮುದುಕಿ ದೋನ್ಯಾ ಎರ್ಮಿನಿಯಾ ಬಂದಳು. ಕೇಕಿನ ಧರ್ಮತಾಯಿ ಅವಳೇ. ಅಂಗಳದಲ್ಲಿ ಬೇಕಾದಷ್ಟು ಕುರ್ಚಿಗಳಿದ್ದರೂ ಸೀದಾ ಶೆಡ್ಡಿಗೆ ನುಗ್ಗಿ, ಮೂಟೆ ಸರಿಸಿ, ಟಾರ್ಪಾಲಿನ ಮೇಲೆ ಕುಕ್ಕರಿಸಿದಳು.

"ಎವಾರಿಸ್ತೊ, ಕೇಕ್ ಆಗಲ್ಲಪ್ಪ. ಶುಕ್ರವಾರ ಪಿಂಚಣಿ ತಗೊಂಡು ಮೊಟ್ಟೆ ಸಕ್ಕರೆ ತರೋಣ ಅಂತಿದ್ದೆ. ಅಂಗಡಿಯೋನು ಕೈಗೆ ಕಾಸು ಕೊಡದೆ ಒಂದು ಮೊಟ್ಟೇನೂ ಮುಟ್ಟಿಸಲ್ಲ. ಫೋನಲ್ಲಿ ಹಣ ಕಳಿಸೋಣ ಅಂದ್ರೆ ಸಿಗ್ನಲ್ ಸಿಗೋದು ನೀರಿನ ಟ್ಯಾಂಕಿನ ತುದೀಲಿ. ಈ ಮಂಡಿ ಇಟ್ಕೊಂಡು ನಾನು ಟ್ಯಾಂಕ್ ಹತ್ಲಾ? ಎಟಿಎಂ ಬೇರೆ ಯಾವನೋ ಕದ್ದುಬಿಟ್ಟ. ಅವನ ಕೈ ಸೇದಿಹೋಗ."

"ಸೇದಿಹೋಗ" ಎಂದ ಎವಾರಿಸ್ತೊ, ಸಣ್ಣ ದನಿಯಲ್ಲಿ.

ಮುದುಕಿಯ ಭಾರ ಯಾವ ಗುಂಡಿಯ ಮೇಲೆ ಬಿತ್ತೋ ಏನೋ, ಅಡಿಯಿಂದ ಜೇನಿನಂಥ ದನಿ ಬಂತು. "ದಯವಿಟ್ಟು ತಮ್ಮ ಕಾರ್ಡ್ ಹಾಕಿ."

ಎವಾರಿಸ್ತೊನ ಜೀವ ಬಾಯಿಗೆ ಬಂತು. ಎರ್ಮಿನಿಯಾ ರೆಪ್ಪೆ ಕೂಡ ಬಡಿಯಲಿಲ್ಲ. "ಹಾಕ್ತಿದ್ದೆ ಕಣವ್ವ" ಎಂದು ಟಾರ್ಪಾಲನ್ನು ತಟ್ಟಿದಳು, "ನೀನು ನಿನ್ನ ಜಾಗದಲ್ಲಿ ಇದ್ದಿದ್ರೆ." ಎದ್ದು, ಲಂಗ ಕೊಡವಿಕೊಂಡು ಹೊರಟುಹೋದಳು.

ಬುಧವಾರ ದಫೇದಾರ್ ನಿಕಾಸಿಯೊ ಬಂದ. ವಾದ್ಯದವರ ಧರ್ಮತಂದೆ ಅವನು. ಎವಾರಿಸ್ತೊ ಎರಡೂ ಕೈ ಮುಂದೆ ಚಾಚಿದ, ಕೋಳ ಹಾಕು ಎಂಬಂತೆ. ನಿಕಾಸಿಯೊ ಆ ಕೈಗೆ ಒಂದು ಚಿಪಾ ರೊಟ್ಟಿ ಕೊಟ್ಟು ಕೂತ.

"ಚಾಮಿಗೊ, ನನ್ನ ದೋಸ್ತ, ಕದ್ದ ಮೇಲೆ ಹಾರ್ನ್ ಹೊಡಿಯೋ ಕಳ್ಳನ್ನ ನಾನು ಈ ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಊರಿಗೆ ಊರೇ ಎದ್ದು ಕೂತ್ಕೊಂಡಿತ್ತು. ನನ್ನ ಹೆಂಡ್ತಿ ಹಾಡಿನ ಉಳಿದ ಸಾಲೂ ಹೇಳಿದ್ಲು."

"ಮತ್ತೆ ಯಾಕೆ ಯಾರೂ..."

"ಗೌಚಿತೊಗೆ ಹೊಡೆದದ್ದಲ್ವಾ? ಹೊಡೀದೆ ಹೋಗೋಕಾಗುತ್ತಾ?" ನಿಕಾಸಿಯೊ ನಿಟ್ಟುಸಿರಿಟ್ಟ. "ನೋಡು. ವರದಿ ಇನ್ನೂ ಬರೆದಿಲ್ಲ. ಬರೆದ್ರೆ ಮೇಲಿನೋರು ಬರ್ತಾರೆ. ಬಂದ್ರೆ ನಿನ್ನ ಹಿಡೀತಾರೆ. ಹಿಡಿದ್ರೆ ಹಬ್ಬ ಇಲ್ಲ. ನನ್ನ ಹೆಂಡ್ತಿ ಈ ಹಬ್ಬಕ್ಕೆ ಅಂತ ಹಸಿರು ರೇಷ್ಮೆ ಲಂಗ ಹೊಲಿಸಿದಾಳೆ. ಹಬ್ಬ ಇಲ್ಲ ಅಂತ ಅವಳಿಗೆ ಹೋಗಿ ನೀನು ಹೇಳ್ತೀಯಾ? ನನ್ನ ಕೈಲಂತೂ ಆಗಲ್ಲ."

ಎವಾರಿಸ್ತೊ ತಲೆಯಲ್ಲಾಡಿಸಿದ. ಆ ಹೆಂಗಸನ್ನು ಅವನೂ ಬಲ್ಲ.

"ನಾಡಿದ್ದು ಹಣದ ಗಾಡಿ ಬರುತ್ತೆ. ಯಂತ್ರ ಇಲ್ಲ ಅಂದ್ರೆ ಹಂಗೇ ತಿರುಗಿ ಹೋಗುತ್ತೆ, ಕೇಕೂ ಇಲ್ಲ, ವಾದ್ಯಾನೂ ಇಲ್ಲ. ನಾಳೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಊರು ಮಲಗಿರುತ್ತೆ. ಯಾವತ್ತಿಗಿಂತಾನೂ ಜೋರಾಗಿ ಮಲಗಿರುತ್ತೆ. ಅರ್ಥ ಆಯ್ತಾ?"

"ಹಾರ್ನು?" ಎಂದು ಕೇಳಿದ ಎವಾರಿಸ್ತೊ.

"ಹೊಡಿ ಮತ್ತೆ. ಗುಡಿ ಮುಂದೆ ಹಂಗೇ ಹೋಗ್ತೀಯಾ?"

ಗುರುವಾರ ಎರಡು ಗಂಟೆಗೆ ಲಾರಿ ಹೊರಟಿತು. ಗೌಚಿತೊ ಮುಂದೆ ಹಾರ್ನು ಒಂದಿಡೀ ಸಾಲು ಹಾಡಿತು. ಊರು ಮಲಗಿತ್ತು. ಎಂಥ ನಿದ್ದೆ ಅಂತೀರಿ! ಮುಚ್ಚಿದ ಕಿಟಕಿಗಳ ಹಿಂದಿನಿಂದ ಗೊರಕೆಗಳು ಒಂದಕ್ಕೊಂದು ಪೈಪೋಟಿಯಲ್ಲಿ ಕೇಳಿಬರುತ್ತಿದ್ದವು, ಆದರೆ ಪ್ರತಿ ಕಿಟಕಿಯ ಸಂದಿನಲ್ಲೂ ಎರಡೆರಡು ಕಣ್ಣು. ಎವಾರಿಸ್ತೊ ಕ್ರೇನು ಇಳಿಸುತ್ತಿದ್ದ, ಉಬಾಲ್ದೊ ಕೆಳಗೆ ನಿಂತು ಕೈ ಬೀಸುತ್ತಿದ್ದ. ಯಂತ್ರ ಗೂಡಿನ ಬಾಗಿಲಲ್ಲಿ ಸಿಕ್ಕಿಕೊಂಡಿತು.

"ಎಡಕ್ಕೆ ತಿರುಗಿಸೋ, ಕತ್ತೆ!" ಎಂದು ಬೇಕರಿಯ ಕಿಟಕಿಯಿಂದ ದನಿ ಬಂತು.

ಇಬ್ಬರೂ ಬೆಚ್ಚಿ ನೋಡಿದರು.

"ನಿದ್ದೇಲಿ ಮಾತಾಡ್ದೆ" ಎಂದಳು ಎರ್ಮಿನಿಯಾ. ಕಿಟಕಿ ಮುಚ್ಚಿಕೊಂಡಿತು.

ಎಡಕ್ಕೆ ತಿರುಗಿಸಿದಾಗ ಸಲೀಸಾಗಿ ಒಳಗೆ ಹೋಯಿತು. ಈ ಸಲ ಉಬಾಲ್ದೊ ನಾಲ್ಕೂ ಬೋಲ್ಟು ಹಾಕಿದ. ಅಕ್ಕ ಅವನ ಮನೆಯ ಗೇಟಿನಿಂದ ಉಳಿದೆರಡನ್ನೂ ಬಿಚ್ಚಿಸಿ ಕಳಿಸಿದ್ದಳು.

ಶುಕ್ರವಾರ ಹಣದ ಗಾಡಿ ಬಂತು. ಬಂದೂಕು ಹಿಡಿದ ಕಾವಲುಗಾರ ಒಡೆದ ಗಾಜನ್ನೂ ಯಂತ್ರದ ತಗ್ಗಿದ ಹಣೆಯನ್ನೂ ನೋಡಿ, "ಇದಕ್ಕೇನಾಯ್ತು?" ಎಂದ.

"ಬಿಸಿಲು" ಎಂದ ದಫೇದಾರ.

"ಈ ವರ್ಷ ವಿಪರೀತ" ಎಂದಳು ಎರ್ಮಿನಿಯಾ.

ಕಾವಲುಗಾರ ಬೀಗ ತೆಗೆದಾಗ ಊರೆಲ್ಲ ಕತ್ತು ಉದ್ದ ಮಾಡಿ ಇಣುಕಿತು. ಒಳಗೆ ಮೂಲೆಯಲ್ಲಿ ಒಂದೇ ಒಂದು ಹರಿದ ನೋಟು, ಪಕ್ಕದಲ್ಲಿ ಒಣಗಿದ ಹಲ್ಲಿ. ಉಬಾಲ್ದೊ ಭಾವನ ಕಿವಿಯಲ್ಲಿ, "ಅರ್ಧರ್ಧ ಬರ್ತಿತ್ತು" ಎಂದು ಪಿಸುಗುಟ್ಟಿದ. ಸೋಜಿಗವೆಂದರೆ, ಹಿಂದೆ ವಾರಕ್ಕೆರಡು ಕಾರ್ಡು ನುಂಗುತ್ತಿದ್ದ ಆ ಯಂತ್ರ ಈಗ ಚಾಚೂ ತಪ್ಪದೆ ಕೆಲಸ ಮಾಡಿತು. ಮುದುಕರು ಸಾಲು ನಿಂತು ಹಣ ತೆಗೆದರು, ಎರ್ಮಿನಿಯಾ ಮೊಟ್ಟೆ ತಂದಳು, ವಾದ್ಯದವರಿಗೆ ಮುಂಗಡ ಮುಟ್ಟಿತು.

ಎವಾರಿಸ್ತೊ ಮಾತ್ರ ಮಂಕಾಗಿದ್ದ. ಜೈಲು ತಪ್ಪಿತು ನಿಜ, ಕಡಸು ಬರಲಿಲ್ಲವಲ್ಲ.

ಶನಿವಾರ ಸಂಜೆ ಪುರಸಭೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಗೊಂದರಂತೆ ಎಲ್ಲರೂ ಒಂದೊಂದು ತುಂಡು ಮಾಂಸ ತಂದು ಕೆಂಡದ ಮೇಲೆ ಹಾಕಿದ್ದರು. ಡೆಲ್ಫಿನಾ ಯಾರ ಹತ್ತಿರವೂ ಬಾಯಿಬಿಟ್ಟು ಕೇಳಿರಲಿಲ್ಲ, ಅವರಾಗಿ ತಂದಿದ್ದರು. ಹಸಿ ಕಟ್ಟಿಗೆಯ ಹೊಗೆ ಕುಡಿಯುತ್ತಾ ಅದನ್ನು ಸುಡುವ ಶಿಕ್ಷೆ ಉಬಾಲ್ದೊಗೆ ಆಗಿತ್ತು. ಯಾನಿನಾ ನೀಲಿ ಗೌನಿನಲ್ಲಿ ಬಂದು ನಿಂತಾಗ ಅವಳು ತನ್ನ ಮಗಳೇ ಹೌದೋ ಅಲ್ಲವೋ ಎಂದು ಎವಾರಿಸ್ತೊಗೆ ಒಂದು ಗಳಿಗೆ ತಿಳಿಯದೆ ಹೋಯಿತು. ಅವನು ಸಾಲ ತಂದ ಕೋಟಿನೊಳಗೆ ಸೇರಿಕೊಂಡು ಗೋಡೆಗೆ ಅಂಟಿ ನಿಂತಿದ್ದ.

ದಫೇದಾರ ಮೈಕು ಹಿಡಿದು ಪಟ್ಟಿ ಓದಲು ಶುರುಮಾಡಿದ. "ಕೇಕು, ದೋನ್ಯಾ ಎರ್ಮಿನಿಯಾ. ಉಡುಪು, ಟೀಚರ್ ಸುಲ್ಮಾ. ವಾದ್ಯ, ನಾನೇ." ಚಪ್ಪಾಳೆ. ಬೂಟು, ಬಲೂನು, ಎಲ್ಲವೂ ಆಯಿತು. "ಮಾಂಸ, ಊರೆಲ್ಲ." ಚಪ್ಪಾಳೆ ಹೆಂಚು ಹಾರುವಷ್ಟು ಜೋರಾಯಿತು. ಎವಾರಿಸ್ತೊ ನೆಲ ನೋಡಿದ.

"ಕೊನೇದು" ಎಂದು ದಫೇದಾರ ಕೆಮ್ಮಿದ. "ಎಟಿಎಂ, ಹುಡುಗಿಯ ತಂದೆ ಎವಾರಿಸ್ತೊ ಸೊತೆಲೊ. ನಾಲ್ಕು ದಿನದ ಮಟ್ಟಿಗೆ."

ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ವಾದ್ಯದವರು ಹಾರ್ನಿನ ಸಾಲನ್ನೇ ಬಾರಿಸಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿ ಎವಾರಿಸ್ತೊ ಬಾಗಿಲ ಕಡೆ ಸರಿಯತೊಡಗಿದ. ಅಷ್ಟರಲ್ಲಿ ನೀಲಿ ಗೌನು ಅಡ್ಡ ಬಂತು.

"ಅಪ್ಪಾ, ಎಲ್ಲಿಗ್ ಹೊರಟೆ? ಮೊದಲ ವಾಲ್ಟ್ಸ್ ಕುಣಿತ ಅಪ್ಪ ಮಗಳದೇ ಅಲ್ವಾ?"

ಕೈ ಹಿಡಿದು ನಡುವಿಗೆ ಎಳೆದೊಯ್ದಳು. ವಾದ್ಯ ನಿಧಾನವಾಯಿತು. ಅವನು ಎರಡು ಹೆಜ್ಜೆ ಹಾಕಿದ, ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ಮಾಂಸ ನಾನು ಕೊಡಬೇಕಿತ್ತು ಮಗಳೇ. ನಿನಗೋಸ್ಕರ ಒಂದಿಡೀ ಕಡಸು ಸುಡಿಸ್ಬೇಕು ಅಂತಿದ್ದೆ."

ಯಾನಿನಾ ಅವನ ಮುಖವನ್ನೇ ನೋಡಿದಳು. "ಅಪ್ಪ, ನಾನು ಮಾಂಸ ತಿನ್ನೋದು ಬಿಟ್ಟು ಎರಡು ವರ್ಷ ಆಯ್ತು."

ಅವನ ಕಾಲು ಅಲ್ಲೇ ನಿಂತಿತು. ಎರಡು ವರ್ಷ ಪ್ರತಿ ಭಾನುವಾರ ಅವಳ ತಟ್ಟೆಗೆ ತಾನೇ ಬಡಿಸಿದ್ದ. ತಟ್ಟೆ ಖಾಲಿಯಾಗುವುದನ್ನು ಕಣ್ಣಾರೆ ಕಂಡಿದ್ದ.

"ಮತ್ತೆ ಅದೆಲ್ಲ?"

"ನಾಯಿಗೆ. ನೀನು ಅಷ್ಟು ಆಸೆಯಿಂದ ಬಡಿಸ್ತಿದ್ದೆ, ಹೇಗಪ್ಪ ಹೇಳಲಿ?"

"ಅಯ್ಯೋ ಮಂಕೇ. ಹಾಗಾದ್ರೆ ನಿಂಗೆ ಏನ್ ಬೇಕಿತ್ತೇ?"

"ನೀನು. ಇಲ್ಲಿ. ನೀನು ಜೈಲಿಗೆ ಹೋಗಿದ್ರೆ ಈಗ ಉಬಾಲ್ದೊ ಮಾಮನ ಜೊತೆ ಕುಣೀಬೇಕಿತ್ತು. ಸೋಮವಾರದಿಂದ ನಿದ್ದೆ ಮಾಡಿಲ್ಲಪ್ಪ ನಾನು. ಹಾರ್ನು ಕೇಳಿದಾಗಲೇ ಅಳು ಬಂತು."

ಎವಾರಿಸ್ತೊ ಊರಿನವರೆಲ್ಲರ ಮುಂದೆ, ಸಾಲದ ಕೋಟಿನ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ, ಗೊಳೋ ಎಂದು ಅತ್ತ. ಅಳುತ್ತಲೇ ವಾಲ್ಟ್ಸ್ ಪೂರ್ತಿ ಕುಣಿದ. ಮಗಳ ಕಾಲನ್ನು ಆರು ಸಲ ತುಳಿದ, ಅವಳು ಒಂದು ಸಲವೂ ಕಾಲು ಹಿಂದೆಗೆದುಕೊಳ್ಳಲಿಲ್ಲ.